ಚಪ್ಪಟೆ ಸಾಮಾನು ಯಾರೂ ತರಲ್ಲ

ಪಾತ್ರೆ ಮೇಲೆ ಹೆಸರು ಕೊರೆಯೋನ ಹತ್ರ ಜನ ತಟ್ಟೆ ತರ್ತಾರೆ, ಲೋಟ ತರ್ತಾರೆ ಅಂತ ನೀವು ಅಂದ್ಕೊಂಡಿದ್ರೆ ಅದು ನಿಮ್ಮ ಒಳ್ಳೆತನ. ಎರಡನೇ ಮಹಾಯುದ್ಧದ ಆ ವರ್ಷಗಳಲ್ಲಿ ನಾನು ಬೆಂಗಳೂರು ದಂಡಿನ ಬ್ಲ್ಯಾಕ್‌ಪಳ್ಳಿಯ ಒಂದು ಪಾತ್ರೆ ಅಂಗಡಿ ಜಗುಲಿ ಮೇಲೆ ಚಾಣ, ಸುತ್ತಿಗೆ ಇಟ್ಕೊಂಡು ಕೂರ್ತಿದ್ದೆ. ತಟ್ಟೆಗಳೆಲ್ಲ ಯಾರ ಹತ್ರ ಹೋಗ್ತಿದ್ವೋ ದೇವರಿಗೇ ಗೊತ್ತು. ನನ್ನ ಪಾಲಿಗೆ ಬರ್ತಿದ್ದದ್ದೆಲ್ಲ ಸೊಟ್ಟ, ಡೊಂಕು, ಇಲ್ಲಾಂದ್ರೆ ಜೀವ ಇರೋದು.

ಹಲ್ಲು

ಫ್ರೇಜರ್ ಟೌನಿನ ರಿಟೈರಾದ ಇಂಗ್ಲಿಷ್ ದೊರೆಯೊಬ್ಬರು ಬಂದರು. ಅವರದೂ ಅವರ ಹೆಂಡತೀದೂ ಕಟ್ಟಿಸಿದ ಹಲ್ಲು. ಮನೇಲಿ ಅದಲುಬದಲಾಗ್ತಿದೆ, ನನ್ನದಕ್ಕೆ ಹೆಸರು ಹಾಕು ಅಂದರು. ಅಂದವರೇ ಬಾಯಿಂದ ತೆಗೆದು ನನ್ನ ಕೈಗಿಟ್ಟರು. ಅಂಗುಳಕ್ಕೆ ಕೂರೋ ಕಡೆ ಸಣ್ಣದೊಂದು ಲೋಹದ ತಗಡು.

"ಹೆಸರೇನು ದೊರೆ?" ಅಂದೆ. ಹಲ್ಲಿಲ್ಲದ ಬಾಯಲ್ಲಿ ಬರೀ ಗಾಳಿ ಬಂತು. ನನ್ನ ಕೈಯಿಂದ ಹಲ್ಲು ಕಿತ್ಕೊಂಡು, ಹಾಕ್ಕೊಂಡು, ಹೆಸರು ಹೇಳಿ, ತೆಗೆದು, ಒದ್ದೆ ಒದ್ದೆಯಾಗಿ ವಾಪಸ್ ಕೊಟ್ಟರು. "ಪೂರ್ತಿ ಹೆಸರಾ, ಬರೀ ಇನಿಷಿಯಲ್ಲಾ?" ಮತ್ತೆ ಹಾಕ್ಕೊಂಡರು, ಹೇಳಿದರು, ತೆಗೆದರು. ಮೂರನೇ ಪ್ರಶ್ನೆ ಕೇಳೋ ಧೈರ್ಯ ನನಗಾಗಲಿಲ್ಲ. ಆ ಗುಳಿಯೊಳಗೆ ಚಾಣ ಆಡಿಸೋಕೆ ಅರ್ಧ ದಿನ ಹಿಡೀತು.

ಮಾರನೇ ದಿನ ಅವರ ಹೆಂಡತಿ ಬಂದರು. "ಕೆಲಸ ಚೆನ್ನಾಗಿದೆ. ಆದ್ರೆ ಅವರ ಹೆಸರು ಕೊರೆದಿರೋದು ನನ್ನ ಹಲ್ಲಿನ ಮೇಲೆ!"

ಕೊಂಬು

ಹಲಸೂರಿನ ಗೌಡರೊಬ್ಬರು ಎತ್ತನ್ನೇ ಹೊಡ್ಕೊಂಡು ಬಂದರು. ಅದರ ಕೊಂಬಿನ ತುದಿಗೆ ಹಿತ್ತಾಳೆ ಟೋಪಿ. ಅದರ ಮೇಲೆ ಅವರಪ್ಪನ ಹೆಸರು ಬೇಕಂತೆ.

"ಬಿಚ್ಕೊಂಡು ತರೋದಲ್ವಾ ಗೌಡ್ರೇ?"

"ಬಿಚ್ಚೋಕೆ ಬಿಡಲ್ಲ ಕಣಪ್ಪ, ಹಾಯ್ತದೆ."

"ಮುಟ್ಟಿದ್ರೇ ಹಾಯೋ ಎತ್ತು, ಸುತ್ತಿಗೇಲಿ ಹೊಡೆದ್ರೆ ಸುಮ್ನಿರುತ್ತಾ?"

ಗೌಡ್ರು ಗಲ್ಲ ಕೆರ್ಕೊಂಡು ಯೋಚನೆ ಮಾಡಿದರು. "ಇದುವರೆಗೂ ನಮ್ಮನೆಯೋರನ್ನ ಮಾತ್ರ ಹಾಯ್ದಿರೋದು. ಬೇರೆಯೋರ ಹತ್ರ ಹೆಂಗಿರ್ತದೋ, ನೋಡೇಬಿಡಾನ!"

ಹಂಡೆ

ಇದನ್ನ ನೆನೆಸ್ಕೊಂಡ್ರೆ ಈಗಲೂ ಸೊಂಟ ಹಿಡ್ಕೊಳ್ಳುತ್ತೆ. ಕೃಷ್ಣರಾಜಪುರದ ಕಡೆ ಒಂದು ಹಳ್ಳಿ. ಅಣ್ಣ ತಮ್ಮ ಬೇರೆ ಆಗೋಕೆ ಹೊರಟಿದ್ದರು. ಹೊಲ, ದನ ಎಲ್ಲ ಪಾಲಾಗಿತ್ತು. ಉಳಿದದ್ದು ಬಚ್ಚಲುಮನೆಯ ತಾಮ್ರದ ಹಂಡೆ. ಯಾವ ಪಾತ್ರೆ ಮೇಲೆ ಯಾರ ಹೆಸರಿದೆಯೋ ಅದು ಅವರಿಗೆ ಅಂತ ಪಂಚರು ಹೇಳಿದ್ದರು. ನಾಳೆ ಬೆಳಿಗ್ಗೆ ಪಂಚರು ಬಂದು ನೋಡೋರು. ಇವತ್ತು ಅಣ್ಣ ನನ್ನನ್ನ ಗಾಡಿ ಹತ್ತಿಸ್ಕೊಂಡು ಬಂದಿದ್ದ. ಹೊಟ್ಟೆಪಾಡು, ನಾನೂ ಹತ್ತಿದ್ದೆ.

ಹಂಡೇನ ಒಲೆಗೆ ಸೇರಿಸಿ ಮಣ್ಣಲ್ಲಿ ಕಟ್ಟಿಬಿಟ್ಟಿದ್ದರು. ಕಾಣ್ತಿದ್ದದ್ದು ಕಂಠ ಒಂದೇ. "ಇಲ್ಲೇ ಕೊರೀತೀನಿ" ಅಂದೆ.

"ಬ್ಯಾಡ. ನನ್ ತಮ್ಮ ರಾತ್ರೋರಾತ್ರಿ ಅರ ಹಾಕಿ ಉಜ್ಜಿಬಿಡ್ತಾನೆ. ಒಳಗೆ, ತಳದಲ್ಲಿ ಹಾಕಿ."

"ಒಳಗೆ ಕೈ ಎಟುಕಲ್ವಲ್ರೀ!"

"ಕೈ ಯಾಕೆ? ನೀವೇ ಇಳೀರಿ."

ಆಗ ನಾನು ಕಡ್ಡಿ ಹಾಗಿದ್ದೆ, ಇಳಿದೆ. ಮಂಡಿ ಗಲ್ಲಕ್ಕೆ ತಾಗಿತ್ತು. ಮೊದಲನೇ ಏಟು ಹಾಕಿದ್ದೇ ತಡ, ಠಣ್ ಅಂತ ಊರಿಗೆಲ್ಲ ಕೇಳಿಸ್ತು. ನನ್ನ ಕಿವಿ ಕಿವುಡಾಯ್ತು, ತಮ್ಮನ ಕಿವಿ ನೆಟ್ಟಗಾಯ್ತು. ಓಡಿ ಬಂದವನೇ "ಏಯ್, ಬಾರೋ ಆಚೆಗೆ!" ಅಂತ ನನ್ನ ರಟ್ಟೆ ಹಿಡಿದು ಎಳೆದ. ಅಣ್ಣ "ನೀವು ಕೊರೀರಿ!" ಅಂತ ನನ್ನ ತಲೆ ಅದುಮಿದ. ಒಬ್ಬ ಎಳೆಯೋದು, ಒಬ್ಬ ಒತ್ತೋದು. ಅಯ್ಯೋ ಶಿವನೇ, ನಾನೇನು ಉಪ್ಪಿನಕಾಯಿನಾ?

ಗಲಾಟೆಗೆ ಅವರ ತಾಯಿ ಬಂದರು. ಇಬ್ಬರೂ ಒಟ್ಟಿಗೇ ದೂರು ಹೇಳಿದರು. ಆಯಮ್ಮ ಎಲ್ಲ ಕೇಳಿಸ್ಕೊಂಡು, ಹಂಡೆಯೊಳಗೆ ಬಗ್ಗಿ ನನ್ನ ಮುಖ ನೋಡಿದರು.

"ಹೆಸರಿರೋರಿಗೆ ಹಂಡೆ, ಅಲ್ವೇನ್ರೋ? ನೀವೇ ಒಪ್ಕೊಂಡಿರೋದು. ಏನಪ್ಪಾ, ಒಳಗಿರೋನು ನೀನು. ನಿನ್ನ ಹೆಸರೇ ಹಾಕ್ಕೋ. ಹೊತ್ಕೊಂಡು ಹೋಗು, ಈ ಮನೆ ಜಗಳನಾದ್ರೂ ತೀರ್ಲಿ."

ನನಗೂ ಸಾಕಾಗಿತ್ತು. ಚಾಣ ಊರಿ ನನ್ನ ಹೆಸರಿನ ಮೊದಲನೇ ಅಕ್ಷರ ಠಣ್ ಠಣ್ ಅಂತ ಶುರು ಮಾಡೇಬಿಟ್ಟೆ. ಅಣ್ಣ ಒಂದು ರಟ್ಟೆ ಹಿಡಿದ, ತಮ್ಮ ಇನ್ನೊಂದು. "ನೀನು ಆ ಕಡೆ ಹಿಡ್ಕೊಳೋ!" "ಹೂಂ ಅಣ್ಣ, ಎತ್ತು!" ಒಂದೇ ಉಸಿರಿಗೆ ನಾನು ಅಂಗಳದಲ್ಲಿದ್ದೆ. ಮೂರು ತಿಂಗಳಿಂದ ಅವರಿಬ್ಬರಿಗೂ ಮಾತೇ ಇರಲಿಲ್ಲವಂತೆ!

ಹಂಡೆ ಅಲ್ಲೇ ಉಳೀತು, ಮನೆಯೂ ಒಂದೇ ಆಗಿ ಉಳೀತು. ಈಗಲೂ ಅಣ್ಣ ತಮ್ಮ ದನಿ ಏರಿಸಿದ್ರೆ ಆಯಮ್ಮ ಒಲೆಗೆ ಸೌದೆ ತುರುಕ್ತಾ ಕೇಳ್ತಾರಂತೆ, "ಏನ್ರೋ, ಆ ಕೊರೆಯೋನಿಗೆ ಹೇಳಿ ಕಳಿಸ್ಲಾ?"