ಕಾಕಿ ಹೇಳಿದ ಒಡಪು

ಪ್ರೀತಿ, ಬದುಕು, ವಿಧಿ, ಮನುಷ್ಯ ಸ್ವಭಾವ ಯಾವುದರ ಬಗ್ಗೆ ಕೇಳಿದರೂ ನನ್ನ ಹತ್ತಿರ ಒಂದು ನುಡಿಮುತ್ತು ಸಿದ್ಧವಿರುತ್ತದೆ. ಇದು ಗುಣವಲ್ಲ, ಕಾಯಿಲೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಳಂದದ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಮಾಸ್ತರ. ದಿನಾ ಬೆಳಿಗ್ಗೆ ಹಲಗೆಯ ಮೇಲೆ ಸ್ವಂತದ್ದೊಂದು ಸುಭಾಷಿತ ಬರೆಯದಿದ್ದರೆ ಪಾಠ ಹತ್ತುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದ ದಿನ ಹೆಂಡತಿ ಕಸ್ತೂರಿಗೆ, 'ಒಲವೂ ಉಪ್ಪಿನಂತೆ, ಅಳತೆ ಮೀರಬಾರದು' ಎಂದು ಹೇಳಿ, ಒಂದು ವಾರ ಉಪ್ಪೇ ಇಲ್ಲದ ಸಾರು ಉಂಡವನು ನಾನು.

ಹೀಗಿರುವಾಗ ಸರಸಂಬಾದಲ್ಲಿ ನಮ್ಮ ಕಾಕಿಯ, ಅಂದರೆ ಚಿಕ್ಕಪ್ಪನ ಹೆಂಡತಿಯ, ಮೊಮ್ಮಗಳು ಅಂಬಿಕಾಳ ಕುಬಸದ ಕಾರ್ಯ ಬಂತು. ಬಸುರಿಗೆ ಹೊಸ ಸೀರೆ ಉಡಿಸಿ ಆರತಿ ಎತ್ತುವ ದಿನ. ಅಂದು ಬಂದ ಮುತ್ತೈದೆಯರೆಲ್ಲ ಗಂಡನ ಹೆಸರನ್ನು ಪದ್ಯದೊಳಗೆ ಸೇರಿಸಿ ಒಡಪು ಹೇಳಲೇಬೇಕು. "ಮಾಸ್ತರ್ರಿ, ನನಗೊಂದು ಛಲೋ ಒಡಪು ಬರದು ಕೊಡ್ರಿ" ಎಂದು ಫೋನಿನ ಮೇಲೆ ಫೋನು. ನಾನು ಉಬ್ಬಿಹೋಗಿ ಏಳು ಚೀಟಿ ಬರೆದೆ. 'ವಿಧಿಯೆಂಬ ಸಾಗರದಿ ಬಾಳೆಂಬ ನಾವೆ' ಎಂಬಂಥ ಸಾಲುಗಳು. ಸರಸಂಬಾದಲ್ಲಿ ಸಾಗರ ಕಂಡವರು ಯಾರೂ ಇಲ್ಲ, ಬರೆದವನೂ ಸೇರಿ.

ಕಾರ್ಯದ ದಿನ ಚೀಟಿಗಳು ಅದಲುಬದಲಾದವು. ನನ್ನ ತಮ್ಮನ ಹೆಂಡತಿ ಸುನಂದಾ ಎದ್ದು ನಿಂತು, ಕಸ್ತೂರಿಯ ಚೀಟಿಯನ್ನು ಗಡಗಡ ಓದಿ, ಸಾಗರ, ನಾವೆ ಎಲ್ಲ ದಾಟಿ, ಕೊನೆಗೆ ಗಂಡನೆಂದು ನನ್ನ ಹೆಸರನ್ನೇ ಹೇಳಿಬಿಟ್ಟಳು! ಪಡಸಾಲೆಯ ಸೂರು ಹಾರಿಹೋಗುವಂಥ ನಗು. ಹೊರಗಿನಿಂದ ತಮ್ಮ ಕೂಗಿದ: "ಏ ಅಣ್ಣಾ, ಇದನ್ನ ನೀನೇ ಬರದಿಯೇನು?" ಬಾಗಿಲಲ್ಲಿ ನಿಂತಿದ್ದ ನಾನು ಗೋಡೆಗೆ ಅಂಟಿಕೊಂಡೆ.

ನಗು ಇಳಿದ ಮೇಲೆ ಅಂಬಿಕಾ ಅಡುಗೆಮನೆಯ ಕಡೆ ತಿರುಗಿ ಅಜ್ಜಿಯನ್ನು ಕರೆದಳು. "ಆಯಿ, ನೀನೂ ಮುತ್ಯಾನ ಹೆಸರು ಹೇಳು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಚಿಕ್ಕಪ್ಪ ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ಇಂಥ ಕಾರ್ಯಗಳಲ್ಲಿ ಕಾಕಿಯ ಜಾಗ ಒಲೆಯ ಮುಂದೆ. ಒಬ್ಬ ಹಿರಿಯಾಕೆ ಗದರಿದಳು: "ಹಂಗ ಕೇಳಬಾರದು ಬೇ, ಅಕಿ ಏನ್ ಹೇಳ್ತಾಳ?"

"ಮುತ್ಯಾ ಇಲ್ಲಂದ್ರ ಹೆಸರೂ ಇಲ್ಲೇನು? ಆಯಿ ಹೇಳೂತನಕ ನಾ ಆರತಿ ಮಾಡಿಸ್ಕೊಳ್ಳಂಗಿಲ್ಲ" ಎಂದು ಅಂಬಿಕಾ ಹಟ ಹಿಡಿದು ಕೂತಳು.

ಈ ಪೇಚನ್ನು ಬಿಡಿಸಲು ಒಂದು ನುಡಿಮುತ್ತಿಗಾಗಿ ತಲೆಯೆಲ್ಲ ತಡಕಾಡಿದೆ. ಒಂದೂ ಸಿಗಲಿಲ್ಲ. ಕಾಕಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದಳು. ನೆಲ ನೋಡುತ್ತ, ಮೆಲ್ಲಗೆ ಹೇಳಿದಳು:

"ರಾಶಿ ಆದ ಹೊಲದಾಗ ಬೇರು ಉಳೀತದ,
ಅಳಿಸಿದ ಹಣಿಮ್ಯಾಗ ಬೆರಳು ಉಳೀತದ,
ಹೋದವರ ಹೆಸರು ಬಾಯಾಗ ಉಳೀತದ,
ಶರಣಪ್ಪ ಅಂದರ ಈಗೂ ನಾಚಿಕಿ ಬರ್ತದ."

ಹೇಳಿ, ನಿಜಕ್ಕೂ ನಾಚಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆ ಗಂಡಹೆಂಡತಿ ಎರಡು ಸಿಹಿ ಮಾತಾಡಿದ್ದನ್ನು ಎಂದೂ ಕೇಳದವನು ನಾನು. ಪ್ರೀತಿಯ ಮೇಲೆ ಮಕ್ಕಳಿಗೆ ಪ್ರಬಂಧ ಬರೆಸುತ್ತ ಬಂದವನೂ ನಾನೇ. ಗದರಿದ್ದ ಹಿರಿಯಾಕೆಯೇ ಎದ್ದುಬಂದು ಆರತಿ ತಟ್ಟೆಯನ್ನು ಕಾಕಿಯ ಕೈಗಿಟ್ಟು, "ಮೊದಲ ನೀನೇ ಎತ್ತವಾ" ಅಂದಳು.

ಊಟವಾದ ಮೇಲೆ ಕೇಳಿದೆ: "ಇದನ್ನ ಯಾವಾಗ ಕಟ್ಟಿದಿ ಕಾಕಿ?"

"ಯಾರರೆ ಕೇಳ್ತಾರಂತ ಹನ್ನೊಂದು ವರ್ಷದಿಂದ ಬಾಯಾಗ ಇಟಗೊಂಡಿದ್ದೆ ನೋಡಪಾ" ಅಂದಳು.

ಸಂಜೆ ಬಸ್ಸಿನಲ್ಲಿ ಆಳಂದಕ್ಕೆ ಮರಳುವಾಗ ಕಸ್ತೂರಿ ಇದ್ದಕ್ಕಿದ್ದಂತೆ, "ನನ್ನ ಹೆಸರಿಟ್ಟು ನೀವೊಂದು ಒಡಪು ಹೇಳ್ರಿ" ಅಂದಳು. ನಾನು ಕೆಮ್ಮಿದೆ. ಕಿಟಕಿಯಾಚೆಯ ತೊಗರಿ ಹೊಲಗಳನ್ನು ನೋಡಿದೆ. ಬೆವರಿದೆ. "ಕಸ್ತೂರಿ…" ಎಂದಷ್ಟೇ ಬಂತು. ಮುಂದಿನ ಪದಕ್ಕಾಗಿ ಒದ್ದಾಡುತ್ತಿರುವಾಗಲೇ ಬಸ್‌ಸ್ಟ್ಯಾಂಡು ಬಂತು.

"ಇರ್ಲಿ ಬಿಡ್ರಿ" ಎಂದು ಅವಳು ಚೀಲ ಎತ್ತಿಕೊಂಡಳು. "ಇಪ್ಪತ್ತು ವರ್ಷದಾಗ ಹೆಸರು ಹಿಡದು ಕರದದ್ದು ಇದೇ ಮೊದಲು. ಉಳಿದದ್ದನ್ನ ಇನ್ನೊಂದು ಇಪ್ಪತ್ತು ವರ್ಷದಾಗ ಹೇಳೀರಂತ, ಇಳೀರಿ."