ಬೇಲಿಯಾಚೆ ಬಿದ್ದ ಟೊಪ್ಪಿಗೆ

ಈ ವರ್ಷ ತನ್ನಷ್ಟು ಮರ್ಯಾದಸ್ಥ ಬೇಟೆಗಾರ ಇಡೀ ವಿಸ್ಕಾನ್ಸಿನ್ ರಾಜ್ಯದಲ್ಲೇ ಸಿಗಬಾರದು ಎಂದು ಆರ್ವಿಡ್ ತೀರ್ಮಾನಿಸಿದ್ದ. ತೀರ್ಮಾನ ಅವನದು ಎನ್ನುವುದಕ್ಕಿಂತ ಹೆಂಡತಿ ಲೊರೇನ್‌ಳದು ಎನ್ನಬೇಕು. ಹೋದ ನವೆಂಬರಿನಲ್ಲಿ ಅವನು ಗಾಯಗೊಂಡ ಜಿಂಕೆಯ ಹಿಂದೆ ಓಡುತ್ತ, ಒಂದು ಮಾತೂ ಕೇಳದೆ, ಪಕ್ಕದ ಬರ್ನೀಸ್‌ಳ ಬೇಲಿ ಹಾರಿದ್ದ. ಅಂದಿನಿಂದ ಬರ್ನೀಸ್ ಇವರ ಮನೆಯತ್ತ ತಲೆ ಹಾಕಿರಲಿಲ್ಲ. ಹಳೆಯ ಗೆಳತಿಯರ ಭಾನುವಾರದ ಇಸ್ಪೀಟಾಟ ನಿಂತುಹೋಗಿ, ಲೊರೇನ್ ಒಬ್ಬಳೇ ಕೂತು ಎಲೆ ಜೋಡಿಸುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಆರ್ವಿಡ್ ತಪ್ಪಿತಸ್ಥನಂತೆ ಬೇರೆ ಕೋಣೆಗೆ ಜಾರಿಕೊಳ್ಳುತ್ತಿದ್ದ.

“ಈ ಸಲ ಆ ಕಡೆ ಹಿಮದಲ್ಲಿ ನಿನ್ನ ಹೆಜ್ಜೆ ಒಂದು ಕಂಡ್ರೂ, ಬಂದೂಕಿನ ಜೊತೆ ನೀನೂ ಕೊಟ್ಟಿಗೇಲಿ ಮಲಕ್ಕೋ,” ಎಂದಿದ್ದಳು ಲೊರೇನ್.

ಆದ್ದರಿಂದ ಅವನು ಬೇಲಿ ಪಕ್ಕದ ಓಕ್ ಮರದ ಅಟ್ಟಣೆಯ ಮೇಲೆ ಬರ್ನೀಸ್‌ಳ ಜಮೀನಿಗೆ ಬೆನ್ನು ಹಾಕಿ ಕೂತ. ಜಿಂಕೆಗಳಿಗೆ ಅದು ಹೇಗೆ ತಿಳಿಯಿತೋ, ಎಲ್ಲ ಅವನ ಬೆನ್ನ ಹಿಂದೆಯೇ ಮೆರವಣಿಗೆ ಹೊರಟವು. ಕತ್ತು ತಿರುಗಿಸಿದರೂ ಮರ್ಯಾದೆಗೆ ಕುಂದೆಂದು ಆರ್ವಿಡ್ ನೆಟ್ಟಗೆ ಕೂತಿದ್ದ. ಹಿಮ ಮೆಲ್ಲಗೆ ಉದುರುತ್ತಿತ್ತು. ಫ್ಲಾಸ್ಕಿನ ಕಾಫಿ ಒಳಗಿಳಿದು ಬೆಚ್ಚಗಾಯಿತು. ಮರ ತೊಟ್ಟಿಲಿನಂತೆ ತೂಗಿತು. ಕಣ್ಣು ಯಾವಾಗ ಮುಚ್ಚಿತೋ, ಕವಲುಗೊಂಬಿನ ಭಾರಿ ಗಂಡುಜಿಂಕೆಯೊಂದು ಬೇಲಿಯ ಬಳಿ ನಿಂತು, ಒಳಗೆ ಬರಬಹುದೇ ಎಂದು ವಿನಯದಿಂದ ಕೇಳಿತು. ಆರ್ವಿಡ್ ಟೊಪ್ಪಿಗೆ ತೆಗೆದು ಸ್ವಾಗತಿಸಿದ.

ಕನಸಿನಲ್ಲಿ ತೆಗೆದ ಟೊಪ್ಪಿಗೆ ನಿಜವಾಗಿಯೂ ಬಿತ್ತು, ಅದೂ ಬೇಲಿಯಾಚೆ.

ಕಿತ್ತಳೆ ಬಣ್ಣದ ಆ ಟೊಪ್ಪಿಗೆಯಿಲ್ಲದೆ ಹಿಮದಲ್ಲಿ ಕೂರುವಂತಿಲ್ಲ, ಅದು ಚಳಿ. ಕೇಳದೆ ಬೇಲಿ ದಾಟುವಂತಿಲ್ಲ, ಅದು ಲೊರೇನ್. ಆರ್ವಿಡ್ ಕೆಳಗಿಳಿದು, ಬಂದೂಕಿನ ಗುಂಡು ತೆಗೆದು, ರಸ್ತೆ ಸುತ್ತಿಕೊಂಡು ಹೋಗಿ, ಅದನ್ನು ಜಗಲಿಯಲ್ಲಿಟ್ಟು ಬರ್ನೀಸ್‌ಳ ಬಾಗಿಲು ತಟ್ಟಿದ. ವಿಷಯ ಕೇಳಿ ಅವಳು ಅವನ ಬೋಳುತಲೆಯನ್ನೇ ನೋಡಿದಳು.

“ಜಿಂಕೆಗೇ ಕೇಳದೋನು, ಈಗ ಟೊಪ್ಪಿಗೆಗೆ ಕೇಳೋಕೆ ಬಂದ್ಯಾ?”

“ಹೋದ ವರ್ಷದ್ದನ್ನೂ ಸೇರಿಸಿ ಕೇಳ್ತಿದ್ದೀನಿ, ಬರ್ನೀಸ್. ನನ್ನದು ತಪ್ಪಾಯ್ತು.”

ಬರ್ನೀಸ್ ಬಾಗಿಲು ಪೂರ್ತಿ ತೆರೆದಳು. ಅಡುಗೆಮನೆಯಲ್ಲಿ ಕುರ್ಚಿ ಎಳೆದು ಕೂರಿಸಿ, ಸೇಬಿನ ಹೂರಣ ತುಂಬಿ ಬೇಯಿಸಿದ ಪೈ ಮುಂದಿಟ್ಟಳು. ಮೊದಲ ತುತ್ತು ಬಾಯಿಗಿಟ್ಟು ಕಿಟಕಿಯತ್ತ ನೋಡಿದರೆ, ಅವನದೇ ಓಕ್ ಮರದ ಕೆಳಗೆ, ಕನಸಿನ ಅದೇ ಗಂಡುಜಿಂಕೆ!

ಬಂದೂಕು ಜಗಲಿಯಲ್ಲೇ ಇತ್ತು. ಇಲ್ಲಿಂದಲೇ ಹೊಡೆಯಲೇ ಎಂದು ಬಾಯ್ತುಂಬ ಪೈ ಇಟ್ಟುಕೊಂಡು ಆರ್ವಿಡ್ ಅಂಗಲಾಚಿದ.

“ನನ್ನದೇನೂ ಅಡ್ಡಿ ಇಲ್ಲ. ಆದ್ರೆ ಗುಂಡು ಬೇಲಿ ದಾಟುತ್ತಲ್ಲ, ಆ ಕಡೆ ಒಡೆಯರನ್ನೂ ಕೇಳಬೇಕು,” ಎಂದಳು ಬರ್ನೀಸ್. “ಜಮೀನು ಯಾರ ಹೆಸರಲ್ಲಿದೆ?”

ಜಮೀನು ಲೊರೇನ್‌ಗೆ ಅವಳಪ್ಪ ಬಿಟ್ಟುಹೋದದ್ದು. ಬರ್ನೀಸ್ ತಾನೇ ಫೋನೆತ್ತಿದಳು. ನಂಬರು ಅವಳ ಬೆರಳಿಗೆ ಮರೆತಿರಲಿಲ್ಲ.

“ಲೊರೇನ್, ನಾನು ಕಣೇ.”

ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿದರು, ಒಟ್ಟಿಗೆ ಮೂಗು ಸೀಟಿಕೊಂಡರು. ಮೊಣಕಾಲು ನೋವು, ಮಗಳ ಬಾಣಂತನ, ಹೊಸ ಪಾದ್ರಿಯ ಕರ್ಕಶ ಗಂಟಲು, ವರ್ಷವಿಡೀ ಕಟ್ಟಿಟ್ಟದ್ದೆಲ್ಲ ಹರಿಯತೊಡಗಿತು. ಆರ್ವಿಡ್ ಕಿಟಕಿಯತ್ತ ಬೆರಳು ತೋರಿಸಿದರೆ ಬರ್ನೀಸ್ ಸುಮ್ಮನಿರೆಂದು ಸನ್ನೆ ಮಾಡಿ ಇನ್ನೊಂದು ತುಂಡು ಪೈ ಬಡಿಸಿದಳು. ಜಿಂಕೆ ಹಿಮದಲ್ಲಿ ಮಲಗಿತು. ನಿಧಾನವಾಗಿ ಮೆಲುಕು ಹಾಕಿತು. ಎದ್ದು ಮೈ ಕೊಡವಿ, ಬೇಲಿ ಹಾರಿ ಈಚೆ ಬಂದು, ಕಿತ್ತಳೆ ಟೊಪ್ಪಿಗೆಯನ್ನು ಮೂಸಿ, ಉದುರುವ ಬಿಳುಪಿನೊಳಗೆ ಮರೆಯಾಯಿತು. ಆರ್ವಿಡ್ ಅದು ಹೋದ ದಿಕ್ಕನ್ನೇ ನೋಡುತ್ತ ಚಮಚ ಕೆಳಗಿಟ್ಟ. ಅಷ್ಟರಲ್ಲಿ ಫೋನಿನೊಳಗಿಂದ ಲೊರೇನ್ ನಕ್ಕಳು. ಆ ನಗು ಕೇಳಿ ವರ್ಷವಾಗಿತ್ತು. ಜಿಂಕೆ ಹೋದರೆ ಹೋಗಲಿ ಅನ್ನಿಸಿತು.

ಕೊನೆಗೆ ಫೋನು ಅವನ ಕೈಗೆ ಬಂತು.

“ಏನೋ ಅಪ್ಪಣೆ ಬೇಕಂತಲ್ಲ, ಕೇಳು,” ಎಂದಳು ಲೊರೇನ್.

ಆರ್ವಿಡ್ ಖಾಲಿ ಓಕ್ ಮರವನ್ನು ನೋಡಿದ. “ಭಾನುವಾರ ಬರ್ನೀಸ್‌ನ ಊಟಕ್ಕೆ ಕರೀಲಾ?”

“ನಾನಾಗಲೇ ಕರೆದಾಯ್ತು. ಜಿಂಕೆ ಮಾಂಸದ ಅಡುಗೆ ಅಂತಾನೂ ಹೇಳಿಬಿಟ್ಟಿದ್ದೀನಿ,” ಎಂದಳು ಲೊರೇನ್. “ಪೈ ತಿಂದದ್ದು ಸಾಕು, ಹೋಗಿ ಹೊಡ್ಕೊಂಡು ಬಾ.”