ಈ ದೀಪ ಯಾರಿಗೆ?

ಎಣಿಸುವ ಚಟ ಇರುವವನಿಗೆ ಮನೆಯಲ್ಲಿ ಮರ್ಯಾದೆ ಕಡಿಮೆ. ತಾರೀಖು ಹಾಕಿ ಡೈರಿ ಬರೆಯುವ ನನ್ನಂಥವನಿಗಂತೂ ಇನ್ನೂ ಕಡಿಮೆ. ಬಸ್ಸು ಎಷ್ಟು ತಡವಾಗಿ ಬಂತು, ಎಮ್ಮೆ ಎಷ್ಟು ಹಾಲು ಕೊಟ್ಟಿತು ಎಂದು ನಾನು ಬರೆದಿಡುವುದನ್ನು ಕಂಡು ನಮ್ಮ ಅವ್ವ, "ಇವಂಗ ಲಗ್ನಾ ಮಾಡಿದ್ರ ಹೆಂಡ್ತಿ ಸಿಟ್ಟನ್ನೂ ಎಣಸ್ತಾನ" ಎನ್ನುತ್ತಾಳೆ. ಮೊರಬದ ನಮ್ಮ ಮನೆಗೆ ಕರೆಂಟು ಬಂದ ಮೇಲೆ ನನ್ನ ಎಣಿಕೆಗೆ ಹೊಸ ಹೊಲವೇ ಸಿಕ್ಕಂತಾಯಿತು. ಅಡಿಗೆಮನೆಗೊಂದು, ಹೊರಗಿನ ಕಟ್ಟೆಗೊಂದು, ನನ್ನ ಕೋಣೆಗೊಂದು, ಹೀಗೆ ಮೂರೇ ಬಲ್ಬು. ಯಾವುದು ಎಷ್ಟೊತ್ತಿಗೆ ಹತ್ತಿತು, ಎಷ್ಟೊತ್ತಿಗೆ ಆರಿತು, ಎಲ್ಲವೂ ಡೈರಿಯಲ್ಲಿ.

ಈ ಬೇಸಿಗೆಯಲ್ಲಿ ಬಿಲ್ಲು ನೋಡಿದ ಅಪ್ಪ, "ಮೂರರಾಗ ಒಂದು ಬಲ್ಬ ತಗದ ಇಡ್ರಿ. ಯಾವ್ದು ಅಂತ ನೀವ ಬಗಿಹರಿಸ್ಕೊಳ್ರಿ" ಎಂದು ಹೊಲಕ್ಕೆ ಹೋದರು. ನನ್ನ ಕೋಣೆಯ ಬಲ್ಬು ಹೋದರೆ ರಾತ್ರಿಯ ಡೈರಿಯೂ ಹೋದಂತೆ. ಆದರೆ ಅಪರಾಧಿ ಯಾರೆಂಬುದು ನನಗೆ ಗೊತ್ತಿತ್ತು. ಖಾಲಿ ಕಟ್ಟೆಯ ಮೇಲೆ ಸುಮ್ಮನೆ ಉರಿಯುವ ಬಲ್ಬು! ಡೈರಿಯಲ್ಲಿ ದಿನವೂ ಅದರ ಮುಂದೆ 'ವ್ಯರ್ಥ' ಎಂದು ಬರೆದಿದ್ದೆ. ನಾನೇ ಹೇಳಿದರೆ ಸ್ವಾರ್ಥ ಅಂದಾರೆಂದು ಅಣ್ಣನ ಮಕ್ಕಳನ್ನು, ಏಳು ವರ್ಷದ ನೀಲಿಯನ್ನೂ ಐದು ವರ್ಷದ ಚನ್ನನನ್ನೂ, ಪಂಚರನ್ನಾಗಿ ಮಾಡಿದೆ. "ಯಾರು ಹೇಳಿದ್ದನ್ನೂ ನಂಬಬ್ಯಾಡ್ರಿ, ನಾ ಹೇಳಿದ್ದನ್ನೂ. ಎಲ್ಲಾ ದೀಪದ ಕೆಳಗ ನಿಂತು ಒಂದ ಪ್ರಶ್ನಿ ಕೇಳ್ರಿ: ಈ ದೀಪ ಯಾರಿಗೆ?" ಎಂದು ಪಾಠ ಹೇಳಿದೆ. 'ನಾ ಹೇಳಿದ್ದನ್ನೂ' ಎಂಬುದನ್ನು ಸುಮ್ಮನೆ ಶೋಭೆಗಾಗಿ ಸೇರಿಸಿದ್ದೆ.

ಸಂಜೆ ವಿಚಾರಣೆ ಶುರುವಾಯಿತು. ರೊಟ್ಟಿ ಬಡಿಯುತ್ತಿದ್ದ ಅವ್ವ, "ನಿಮ್ಮ ಹೊಟ್ಟಿಗೆ, ಮತ್ಯಾರಿಗೆ?" ಎಂದಳು. ಅಡಿಗೆಮನೆ ಪಾಸಾಯಿತು. ಕಟ್ಟೆಗೆ ಬಂದಾಗ ನಾನು, "ನೋಡ್ರಿ, ಒಬ್ಬರರ ಅದಾರೇನು?" ಎಂದೆ. ನೀಲಿ ನೋಡೋಣವೆಂದು ಅಲ್ಲೇ ಕುಳಿತಳು. ಸ್ವಲ್ಪ ಹೊತ್ತಿಗೆ ಬಾಜು ಮನೆಯ ಮುದುಕಿ ಗಂಗವ್ವ ಮೊರ ಹಿಡಿದು ಬಂದು ಜೋಳ ಹಸನು ಮಾಡತೊಡಗಿದಳು; ಅವರ ಮನೆಗೆ ಇನ್ನೂ ಕರೆಂಟಿಲ್ಲ. ಕೊಡ ಹೊತ್ತ ಹೆಂಗಸರು ಆ ಬೆಳಕಿನಲ್ಲೇ ಗಟಾರ ದಾಟಿ ಹೋದರು.

"ಕಾಕಾ, ಈ ದೀಪ ನಮ್ಮ ಮನೀದಲ್ಲ, ಓಣೀದು. ಒಬ್ರೂ ಇಲ್ಲ ಅಂತ ನಿನಗ ಹೆಂಗ ಗೊತ್ತು? ನೀ ಒಳಗ ಕುಂತು ಬರೀತಿರ್ತಿ" ಎಂದಳು ನೀಲಿ.

ಇಬ್ಬರೂ ನನ್ನ ಕೋಣೆಗೆ ಬಂದರು. ಚನ್ನ ಸೊಂಟಕ್ಕೆ ಕೈಯಿಟ್ಟು, "ಈ ದೀಪ ಯಾರಿಗೆ?" ಎಂದ.

"ನನಗ. ಡೈರಿ ಬರಿಲಿಕ್ಕೆ."

"ಏನ್ ಬರೀತಿ?"

"ಯಾವ ದೀಪ ಎಷ್ಟೊತ್ತು ಉರೀತು ಅಂತ," ಎಂದು ಪುಟ ತೆರೆದು ತೋರಿಸಿದೆ.

ನೀಲಿ ಬಲ್ಬನ್ನು ನೋಡಿದಳು, ಡೈರಿಯನ್ನು ನೋಡಿದಳು. "ಅಂದ್ರ, ದೀಪ ಎಷ್ಟೊತ್ತು ಉರೀತು ಅಂತ ಬರಿಲಿಕ್ಕೆ ದೀಪ ಉರಸ್ತಿಯೇನು ಕಾಕಾ?"

ಅಡಿಗೆಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತು ಅವ್ವನ ನಗೆ ಕೇಳಿಸಿತು.

ನನ್ನ ಬಲ್ಬು ಈಗ ಹತ್ತಿಯಲ್ಲಿ ಸುತ್ತಿಕೊಂಡು ಗೋಡೆಯ ಗೂಡಿನಲ್ಲಿ ಮಲಗಿದೆ. ಯಾರೂ ಕನಿಕರಪಡಬೇಕಾಗಿಲ್ಲ. ದೀಪ ಆರಿಸುವುದನ್ನು ಮಕ್ಕಳಿಗೆ ಯಾರಾದರೂ ಕಲಿಸಿಯಾರು. ಯಾವುದನ್ನು ಆರಿಸಬಾರದೆಂದು ಕಾಕಾನಿಗೇ ಬುದ್ಧಿ ಹೇಳುವಷ್ಟು ಕಲಿಸಿದವನು ಈ ಓಣಿಯಲ್ಲಿ ನಾನೊಬ್ಬನೇ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಈ ಸಂಗತಿ ಹೇಳಿದ್ದೇನೆ, ಕೆಲವರಿಗೆ ಎರಡು ಸಲ. ಡೈರಿಯನ್ನೂ ಬಿಟ್ಟಿಲ್ಲ. ರಾತ್ರಿ ಕಟ್ಟೆಯ ಮೇಲೆ, ಗಂಗವ್ವನ ಮೊರದ ಪಕ್ಕದಲ್ಲಿ ಕುಳಿತು ಬರೆಯುತ್ತೇನೆ. ನಿನ್ನೆ ಅವಳು, "ತಮ್ಮಾ, ಒಂದೀಟು ಸರಿಯಪ್ಪಾ, ನಿನ್ನ ನೆರಳು ಜ್ವಾಳದ ಮ್ಯಾಲ ಬೀಳತೈತಿ" ಎಂದಳು.

ಸರಿದು ಕುಳಿತು, ಕಟ್ಟೆಯ ದೀಪದ ಮುಂದೆ ನೀಟಾಗಿ ಬರೆದೆ: 'ಓಣಿಗೆಲ್ಲ ಉಪಯೋಗ. ಅಡ್ಡಿ ಒಂದೇ, ನಾನು.'